ಗಂಗಾಧರಯ್ಯನವರ ಎಂಟು ಗಂಟೆಯ ನಿದ್ದೆ

ಅರಸೀಕೆರೆಯ ತೆಂಗಿನಕಾಯಿ ವ್ಯಾಪಾರಿ ಗಂಗಾಧರಯ್ಯನವರು ನಿದ್ದೆ ಮಾಡದ ಜಾಗವೇ ಇಲ್ಲ ಎಂದು ಊರವರು ಆಡಿಕೊಳ್ಳುತ್ತಿದ್ದರು. ಇದು ಅಪ್ಪಟ ಸುಳ್ಳು. ಅವರು ತೆಂಗಿನ ಮರದ ಮೇಲೆ ನಿದ್ದೆ ಮಾಡಿದ್ದನ್ನು ಯಾರೂ ಕಂಡಿಲ್ಲ. ಅದೊಂದನ್ನು ಬಿಟ್ಟರೆ, ತಾಲ್ಲೂಕು ಕಚೇರಿಯಲ್ಲಿ ಅರ್ಜಿಗೆ ಸಹಿ ಹಾಕುತ್ತಾ 'ಗಂಗಾ' ಎನ್ನುವವರೆಗೆ ಬರೆದು ಮಲಗಿದ್ದಾರೆ, ಕ್ಷೌರದಂಗಡಿಯಲ್ಲಿ ಕೆನ್ನೆಯ ಸೋಪು ಒಣಗಿ ಉದುರುವವರೆಗೆ ಮಲಗಿದ್ದಾರೆ, ಮಠದಲ್ಲಿ ಸ್ವಾಮಿಗಳು ಅಜ್ಞಾನವೆಂಬ ನಿದ್ದೆಯ ಬಗ್ಗೆ ಪ್ರವಚನ ಹೇಳುವಾಗ ಮುಂದಿನ ಸಾಲಿನಲ್ಲೇ ಕೂತು ಉದಾಹರಣೆ ಒದಗಿಸಿದ್ದಾರೆ.

ಇದು ಸೋಮಾರಿತನವಲ್ಲ, ಕಾಯಿಲೆ ಎಂದು ಕಂಡುಹಿಡಿದವರು ಹಾಸನದ ಎದೆರೋಗದ ಡಾಕ್ಟರು ಸಿದ್ಧಾರ್ಥ. ಬಿಕ್ಕೋಡಿನ ಕಡೆಯ ಯುವಕ, ಮಾತು ಕಡಿಮೆ.

"ನಿದ್ದೇಲಿ ನಿಮ್ಮ ಗಂಟಲು ಮುಚ್ಚಿಕೊಳ್ಳುತ್ತೆ ಸಾರ್. ಗಂಟೆಗೆ ನಲವತ್ತು ಸಲ ಉಸಿರು ನಿಲ್ಲುತ್ತೆ. ಸ್ಲೀಪ್ ಆಪ್ನಿಯಾ ಅಂತಾರೆ. ಹೀಗೇ ಬಿಟ್ರೆ ಹೃದಯಕ್ಕೆ ಕಷ್ಟ" ಎಂದಿದ್ದರು.

ಅವರೇ ಒಂದು ಮಿಷನ್ ಬರೆದುಕೊಟ್ಟರು. ಮೂಗಿಗೆ ಮಾಸ್ಕು, ಮಾಸ್ಕಿಗೊಂದು ಕೊಳವೆ, ಕೊಳವೆಯ ತುದಿಗೆ ಹಳೇ ರೇಡಿಯೋದಷ್ಟು ದೊಡ್ಡ ಪೆಟ್ಟಿಗೆ. ಅದು ರಾತ್ರಿಯೆಲ್ಲ ಗಾಳಿ ಊದಿ ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತದೆ. ಎಷ್ಟು ಹೊತ್ತು ಹಾಕಿಕೊಂಡಿರಿ ಎಂಬುದನ್ನೂ ಒಳಗೇ ಬರೆದಿಟ್ಟುಕೊಳ್ಳುತ್ತದೆ. ಈ ಎರಡನೆಯ ಗುಣ ಗಂಗಾಧರಯ್ಯನವರಿಗೆ ಗೊತ್ತಿರಲಿಲ್ಲ. ಮೊದಲ ತಿಂಗಳು ಕಳೆದು ತೋರಿಸಲು ಹೋದಾಗ, ಅವರ ಹೆಂಡತಿ ಗುರುಸಿದ್ದಮ್ಮನವರ ಎದುರಿಗೇ ಡಾಕ್ಟರು ರಿಪೋರ್ಟು ಓದಿದರು.

"ದಿನಕ್ಕೆ ಮುಕ್ಕಾಲು ಗಂಟೆ. ನಿದ್ದೆಗಣ್ಣಲ್ಲಿ ಕಿತ್ತು ಹಾಕ್ತಿದ್ದೀರಿ ಸಾರ್. ರಾತ್ರಿಯಿಡೀ ಹಾಕ್ಕೊಳ್ಳದಿದ್ರೆ ಹಾಕ್ಕೊಂಡಿದ್ದೂ ಒಂದೇ, ಬಿಟ್ಟಿದ್ದೂ ಒಂದೇ."

ಅರವತ್ತು ಸಮೀಪಿಸಿದ ಗಂಗಾಧರಯ್ಯನವರು ಮಗ್ಗಿ ತಪ್ಪಿದ ಹುಡುಗನಂತೆ ತಲೆ ತಗ್ಗಿಸಿದರು. ಗುರುಸಿದ್ದಮ್ಮನವರ ಮುಖ ಸಣ್ಣದಾಯಿತು. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ತನ್ನ ಗಂಡನನ್ನು ತಾನಲ್ಲದೆ ಬೇರೆ ಯಾರೂ ಬೈದದ್ದಿಲ್ಲ.

ಎರಡನೆಯ ತಿಂಗಳು ಪವಾಡ ನಡೆಯಿತು. ರಿಪೋರ್ಟಿನಲ್ಲಿ ದಿನಕ್ಕೆ ಎಂಟು ಗಂಟೆ. ಮೂರನೆಯ ತಿಂಗಳೂ ಎಂಟು ಗಂಟೆ. ಡಾಕ್ಟರು "ನೂರಕ್ಕೆ ನೂರು ಸಾರ್" ಎಂದು ಕೈ ಕುಲುಕಿದರು. ಶಾಲೆಯಲ್ಲಿ ಮೂವತ್ತೈದು ದಾಟದ ಗಂಗಾಧರಯ್ಯನವರು ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ವಾರವಿಡೀ ಮಂಡಿಯಲ್ಲಿ ಎಲ್ಲರಿಗೂ ತೋರಿಸಿದರು. ತೋರಿಸುತ್ತಾ ತೋರಿಸುತ್ತಾ ಕಾಯಿ ರಾಶಿಗೆ ಒರಗಿ ನಿದ್ದೆ ಹೋದರು.

ಡಾಕ್ಟರಿಗೆ ತಲೆ ಕೆಟ್ಟದ್ದು ಇಲ್ಲೇ. ನಿದ್ದೆ ಎಂಟು ಗಂಟೆ, ಮಿಷನ್ ಎಂಟು ಗಂಟೆ, ಆದರೂ ಮನುಷ್ಯ ನಿಂತಲ್ಲೇ ತೂಕಡಿಸುತ್ತಾನೆ. ರಾತ್ರಿ ಬೆರಳಿಗೆ ಹಾಕಿಕೊಳ್ಳಲು ಆಕ್ಸಿಜನ್ ಮೀಟರ್ ಕೊಟ್ಟು ನೋಡಿದರೆ ತೊಂಬತ್ತೈದು ಇರಬೇಕಾದದ್ದು ಎಪ್ಪತ್ತೊಂಬತ್ತಕ್ಕೆ ಇಳಿದಿದೆ. "ಮಿಷನ್ ಒಂದು ಹೇಳುತ್ತೆ, ನಿಮ್ಮ ಬೆರಳು ಇನ್ನೊಂದು ಹೇಳುತ್ತೆ. ನಿಮಿಷ ನಿಮಿಷದ ವಿವರ ನೋಡ್ತೀನಿ, ಮಿಷನ್ನಿನೊಳಗಿನ ಮೆಮೊರಿ ಕಾರ್ಡು ಬಿಟ್ಟು ಹೋಗಿ. ಸೋಮವಾರ ಹೇಳ್ತೀನಿ. ಅಲ್ಲೀವರೆಗೆ ತಲೆ ಎತ್ತರಕ್ಕೆ ಇಟ್ಕೊಂಡು, ಒರಗಿ ಕೂತ ಹಾಗೇ ಮಲಗಿ. ಮೀಟರ್ ಬೆರಳಲ್ಲೇ ಇರ್ಲಿ" ಎಂದರು.

ಇದು ಗಂಗಾಧರಯ್ಯನವರೊಬ್ಬರ ದೇಹದ ಪ್ರಶ್ನೆಯಾಗಿದ್ದರೆ ಅವರು ಅದರ ಮೇಲೂ ಮಲಗಿಬಿಡುತ್ತಿದ್ದರು. ಆದರೆ ಮಗಳು ಅರುಣಾಳ ಮದುವೆ ಇದಕ್ಕೆ ತಗಲಿಕೊಂಡಿತ್ತು. ಕಾಲೇಜಿನಲ್ಲಿ ವಿಜ್ಞಾನ ಹೇಳಿಕೊಡುವ ಅರುಣಾ ಒಂಬತ್ತು ಗಂಡುಗಳನ್ನು ಬೇಡವೆಂದು, ಹತ್ತನೆಯವನಿಗೆ ಹೂಂ ಎಂದಿದ್ದಳು. ಹುಡುಗ ಇಂದ್ರೇಶ, ಬೇಲೂರಿನಲ್ಲಿ ಲೆಕ್ಚರರ್. ಅವನ ತಂದೆ ಜಾವಗಲ್ಲಿನ ಮರುಳಪ್ಪ, ತೆಂಗು ಬೆಳೆಗಾರರು, ಮಠಕ್ಕೆ ನಡೆದುಕೊಳ್ಳುವವರು, ಸೋಡಾ ಬಾಟಲಿ ಕಂಡರೂ ಮುಖ ತಿರುಗಿಸುವಷ್ಟು ಶುದ್ಧರು.

ಮಾತುಕತೆಗೆಂದು ಗಂಗಾಧರಯ್ಯನವರು ಬೆಳಿಗ್ಗೆ ಜಾವಗಲ್ಲಿಗೆ ಬಸ್ಸು ಹತ್ತಿದ್ದರು. ಜಾವಗಲ್ ಬಂತು, ಹೋಯಿತು. ಹಳೇಬೀಡು ಬಂತು, ಹೋಯಿತು. ಬೇಲೂರಿನಲ್ಲಿ ಕಂಡಕ್ಟರ್ ಎಬ್ಬಿಸಿದ.

"ಯಜಮಾನ್ರೇ, ಬೇಲೂರು. ದೇವಸ್ಥಾನ ನೋಡೋರು ಇಳೀರಿ."

"ನಾನು ಜಾವಗಲ್ಲಿಗೆ."

"ಅದು ಒಂದೂಕಾಲು ಗಂಟೆ ಹಿಂದೆ ಇತ್ತು."

ವಾಪಸ್ಸು ಬಸ್ಸಿನಲ್ಲಿ ನಿಂತುಕೊಂಡೇ ಬಂದರು. ಹನ್ನೊಂದಕ್ಕೆ ಬರಬೇಕಾದ ಬೀಗರು ಮೂರಕ್ಕೆ ಬಂದರು. ಬಂದವರು ಕೋಡುಬಳೆ ಕಡಿದು, ಅರ್ಧ ಕೋಡುಬಳೆ ಬಾಯಿಯಲ್ಲೇ ಇಟ್ಟುಕೊಂಡು, ಮರುಳಪ್ಪನವರು "ನಮ್ಮ ಮನೆತನ" ಎಂದು ಶುರು ಮಾಡುತ್ತಿದ್ದಂತೆ ಕಣ್ಣು ಮುಚ್ಚಿದರು. ಹತ್ತು ನಿಮಿಷದ ಮೇಲೆ ಎಚ್ಚರವಾದಾಗ ನಿಜ ಹೇಳಿದ್ದರೆ ಕತೆ ಅಲ್ಲೇ ಮುಗಿಯುತ್ತಿತ್ತು. ಆದರೆ ಕಾಯಿಲೆ ಇದೆ ಎಂದರೆ ಸಂಬಂಧ ತಪ್ಪೀತು ಎಂದು ಹೆದರಿ ಅವರು ಗಂಭೀರವಾಗಿ ಹೇಳಿದರು:

"ಶಿವಯೋಗದ ಹೊತ್ತು ನೋಡಿ. ನಂಗೆ ಗೊತ್ತಿಲ್ದಂಗೇ ಕಣ್ಣು ಮುಚ್ಕೊಂಬಿಡ್ತವೆ."

ಶಿವಯೋಗದಲ್ಲಿ ಗೊರಕೆ ಬರುತ್ತದೆ ಎಂದು ಮರುಳಪ್ಪನವರು ಯಾವ ಪ್ರವಚನದಲ್ಲೂ ಕೇಳಿರಲಿಲ್ಲ. ಗಂಗಾಧರಯ್ಯನವರು ಬಸ್ಸು ಹತ್ತಿದ ಮೇಲೆ ಮಗನಿಗೆ ಫೋನ್ ಮಾಡಿ, "ನಿಮ್ಮ ಮಾವ ಆಗೋರು ಹಗಲೊತ್ತೇ ಹಾಕ್ಕೊಂಡಿರ್ತಾರೆ ಕಣಪ್ಪ. ವಾಸನೆ ಬರ್ಲಿಲ್ಲ, ಅಂದ್ರೆ ದುಬಾರೀದು. ಸೋಮವಾರ ಅರಸೀಕೆರೆಗೆ ಹೋಗಿ ಮನೆ ನೋಡ್ಕೊಂಡು, ಬ್ಯಾಡ ಅಂತ ಮರ್ಯಾದೆಯಾಗಿ ಹೇಳಿ ಬತ್ತೀನಿ" ಎಂದರು. ಇಂದ್ರೇಶ ಈ ಮಾತನ್ನು ಅರುಣಾಳಿಗೆ ಹೇಳಿದ. ಅರುಣಾ ಅಪ್ಪನಿಗೆ ಹೇಳಿದಳು.

"ಅಪ್ಪಾ, ಸೋಮವಾರ ಅವರಿದ್ದಷ್ಟು ಹೊತ್ತು ಕಣ್ಣು ತೆರೆದಿರು. ಬೇರೆ ಏನೂ ಕೇಳಲ್ಲ ನಿನ್ನ."

"ರೆಪ್ಪೆ ಹೊಡೆಯಲ್ಲ ಕಣಮ್ಮ" ಎಂದರು ಅಪ್ಪ.

ಸೋಮವಾರ ಬಂತು. ಅರುಣಾ ಹನ್ನೊಂದಕ್ಕೆ ಪಾಠ ಮುಗಿಸಿ ಬರುವುದಾಗಿ ಹೋದಳು. ಗುರುಸಿದ್ದಮ್ಮನವರು ಹಿಂದಿನ ಅಡುಗೆಮನೆಯಲ್ಲಿ ಹೂರಣ ರುಬ್ಬಲು ಕೂತರು. ಗಂಗಾಧರಯ್ಯನವರು ಒಂಬತ್ತಕ್ಕೇ ಸ್ನಾನ ಪೂಜೆ ಮುಗಿಸಿ, ಹಣೆಗೂ ತೋಳಿಗೂ ಬಲವಾಗಿ ವಿಭೂತಿ ಬಳಿದುಕೊಂಡು, ಬಿಳಿ ಪಂಚೆ, ಶಲ್ಯ ಹೊದ್ದು ಬಾಗಿಲಿಗೆ ಎದುರಾಗಿ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಗೋಡೆಗೆ ಒರಗಿದರು. ಮುಂದೆ ಊದುಬತ್ತಿ ಹಚ್ಚಿಟ್ಟರು. ಮರುಳಪ್ಪನವರಿಗೆ ಹಾಕಲು ತಂದ ಸುಗಂಧರಾಜದ ಹಾರ ಪಕ್ಕದಲ್ಲಿತ್ತು. ಮರುಳಪ್ಪನವರದು ದೊಡ್ಡ ತಲೆ, ಮೇಲೆ ಪೇಟ. ಹಾರ ಹಿಡಿಯುತ್ತದೋ ಇಲ್ಲವೋ ನೋಡೋಣವೆಂದು ತಮ್ಮ ಕೊರಳಿಗೇ ಹಾಕಿ ನೋಡಿದರು. ಹಿಡಿಯಿತು. ಆ ಸಮಾಧಾನಕ್ಕೆ ನಿದ್ದೆ ಬಂತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಲಿಂಗ ಕಟ್ಟುವ ಈ ಮನೆತನಗಳಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ, ಚಕ್ಕಳಮಕ್ಕಳ ಹಾಕಿ ಕೂರಿಸಿ, ವಿಭೂತಿ ಬಳಿದು, ಹಾರ ಹಾಕಿ, ಮುಂದೆ ಊದುಬತ್ತಿ ಹಚ್ಚಿ ಭಜನೆ ಮಾಡುತ್ತಾರೆ. ಗಂಗಾಧರಯ್ಯನವರು ಈ ಎಲ್ಲ ಏರ್ಪಾಡನ್ನೂ ಯಾರ ನೆರವಿಲ್ಲದೆ ತಾವೇ ಮಾಡಿಕೊಂಡಿದ್ದರು.

ಪಕ್ಕದ ಮನೆಯ ಅನುಸೂಯಮ್ಮನವರು ಕರಿಬೇವು ಕೊಡಲು ಬಂದು ಹೊಸ್ತಿಲಲ್ಲೇ ನಿಂತರು. ಬಾಯಿ ತೆರೆದಿತ್ತು. ತಲೆ ಒಂದು ಪಕ್ಕಕ್ಕೆ ವಾಲಿ, ಎಂದೂ ನಿಲ್ಲದ ಗೊರಕೆಯೂ ನಿಂತಿತ್ತು. ಬೆರಳಿನ ಮೀಟರ್ ಜಾರಿ ತೊಡೆಯ ಮೇಲೆ ಬಿದ್ದಿತ್ತು. ಕೊರೋನಾ ಕಾಲದಿಂದ ಅನುಸೂಯಮ್ಮನವರಿಗೆ ಮೀಟರ್ ಓದಲು ಬರುತ್ತಿತ್ತು. ಬಗ್ಗಿ ಓದಿದರು. ಅದರಲ್ಲಿ ಅಂಕಿಯೇ ಇರಲಿಲ್ಲ, ಎರಡು ಅಡ್ಡಗೆರೆ ಮಾತ್ರ. ಕರಿಬೇವು ಕೈಯಿಂದ ಬಿತ್ತು.

ಅವರು ಕಿರುಚಲಿಲ್ಲ. ಬೀದಿಗೆ ಹೋಗಿ ಮೆಲ್ಲಗೆ ಒಬ್ಬರಿಗೆ ಹೇಳಿದರು. ಅರಸೀಕೆರೆಯಲ್ಲಿ ಒಬ್ಬರಿಗೆ ಮೆಲ್ಲಗೆ ಹೇಳಿದರೆ ಸಾಕು. ಕಾಲು ಗಂಟೆಯಲ್ಲಿ ಮಂಡಿಯ ಅಂಗಡಿಗಳು ಬಾಗಿಲು ಎಳೆದವು. ಮಠಕ್ಕೆ ಫೋನ್ ಹೋಯಿತು. ಭಜನೆಯವರು ತಾಳ ಹಿಡಿದು ಬಂದು ಗೋಡೆ ಪಕ್ಕ ಕೂತರು. ನಡುಮನೆಯಲ್ಲಿ ಮೂವತ್ತು ಜನ ಉಸಿರು ಬಿಗಿಹಿಡಿದು ನಿಂತರು. ಒಳಗೆ ಮಿಕ್ಸಿ ಗುರ್ ಎನ್ನುತ್ತಿತ್ತು.

"ಗುರುಸಿದ್ದಮ್ಮಂಗೆ ಗೊತ್ತಿಲ್ಲ ಅಂತ ಕಾಣುತ್ತೆ" ಎಂದರೊಬ್ಬರು.

"ನೀವೇ ಹೇಳಿ."

"ನಾನ್ಯಾಕೆ, ಮೊದಲು ಕಂಡೋರು ಅನುಸೂಯಮ್ಮ."

"ನಾನು ಕರಿಬೇವು ಕೊಡೋಕೆ ಬಂದೋಳು ಕಣ್ರೀ" ಎಂದರು ಅನುಸೂಯಮ್ಮ, ತಮಗೂ ಸಾವಿಗೂ ಸಂಬಂಧವಿಲ್ಲ ಎನ್ನುವಂತೆ.

ಅಷ್ಟರಲ್ಲಿ ಗುರುಸಿದ್ದಮ್ಮನವರೇ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಜನ ನೋಡಿ, ಜಾವಗಲ್ಲಿನವರು ಇಷ್ಟೊಂದು ಮಂದಿ ಕರೆತಂದರೇ ಎಂದು ಒಂದು ಕ್ಷಣ ಬೆಚ್ಚಿದರು. ಆದರೂ ಸಾವರಿಸಿಕೊಂಡು ನಗುನಗುತ್ತಾ ಹೇಳಿದರು: "ಬನ್ನಿ, ಕೂತ್ಕೊಳ್ಳಿ. ಹೋಳಿಗೆ ಆಗ್ತಾ ಐತೆ. ಎಲ್ರೂ ಊಟ ಮಾಡ್ಕೊಂಡೇ ಹೋಗ್ಬೇಕು." ಗಂಡನ ಕಡೆ ನೋಡಿ, "ಇವರದು ಇದ್ದದ್ದೇ. ಸ್ವಲ್ಪ ಹೊತ್ತು ಬಿಡಿ, ಏಳ್ತಾರೆ" ಎಂದು ಮತ್ತೆ ಒಳಗೆ ಹೋದರು. ಮಿಕ್ಸಿ ಮತ್ತೆ ಗುರ್ ಎಂದಿತು.

"ಬುದ್ಧಿಗೇ ಹೊಡೆತ ಬಿದ್ದೈತೆ ಪಾಪ" ಎಂದು ಒಬ್ಬರು ಕಣ್ಣೊರೆಸಿಕೊಂಡರು. ಅವರನ್ನು ನೋಡಿ ಹತ್ತು ಜನ ಕಣ್ಣೊರೆಸಿಕೊಂಡರು.

ಸರಿಯಾಗಿ ಆ ಹೊತ್ತಿಗೆ ಜಾವಗಲ್ಲಿನ ಕಾರು ಬಂತು. ಮರುಳಪ್ಪನವರು, ಹಿಂದೆ ಅವರ ಹೆಂಡತಿ ಮಹದೇವಮ್ಮ, ಅವರ ಹಿಂದೆ ಇಂದ್ರೇಶ. ಬೇಡ ಎನ್ನುವ ಮಾತನ್ನು ಮರುಳಪ್ಪನವರು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದರು. ಬಾಗಿಲಲ್ಲಿ ವಿಷಯ ತಿಳಿದು ಅವರಿಗೆ ಸಿಡಿಲು ಬಡಿದಂತಾಯಿತು. ಪೇಟ ತೆಗೆದರು. ಕೂತ ಮೂರ್ತಿಯನ್ನು ನೋಡಿದರು. ಬೆಳಗಿನ ಪೂಜೆ ಮುಗಿಸಿ, ಕೂತಲ್ಲೇ ಲಿಂಗೈಕ್ಯ. ಇಂಥ ಸಾವು ಸ್ವಾಮಿಗಳಿಗೂ ಸಿಕ್ಕುವುದಿಲ್ಲ.

"ಪಾಪಿ ನಾನು" ಎಂದರು ಮರುಳಪ್ಪ. "ಈ ಪುಣ್ಯಾತ್ಮ ಶಿವಯೋಗ ಅಂತ ಬಾಯಿಬಿಟ್ಟು ಹೇಳಿದ್ರು. ನಾನು ಕುಡುಕ ಅಂದ್ಕೊಂಡೆ. ಸಂಬಂಧ ಬ್ಯಾಡ ಅನ್ನೋಕೇ ಇವತ್ತು ಬಂದೆ. ಈಗ ಇವರ ಮುಂದೆ, ನಿಮ್ಮೆಲ್ರ ಮುಂದೆ ಮಾತು ಕೊಡ್ತೀನಿ. ಇವರ ಮಗಳು ಅರುಣಾನೇ ನಮ್ಮನೆ ಸೊಸೆ. ಈ ಮಾತು ತಪ್ಪಿದ್ರೆ ನನ್ನ ಲಿಂಗದಾಣೆ."

ಭಜನೆಯವರು ತಾಳ ತಟ್ಟಿದರು.

ತಾಳದ ಸದ್ದಿಗೆ ಗಂಗಾಧರಯ್ಯನವರು ಕಣ್ಣು ಬಿಟ್ಟರು. ಎದುರಿಗೆ ಬರಿತಲೆಯ ಬೀಗರು, ಕಣ್ಣೀರು, ಮೂವತ್ತು ಜನ. ಮಗಳಿಗೆ ಕೊಟ್ಟ ಮಾತು ನೆನಪಾಗಿ, ತಾನು ಮಲಗಿಯೇ ಇರಲಿಲ್ಲ ಎಂಬಂತೆ ನೆಟ್ಟಗೆ ಕೂತು ಕೇಳಿದರು:

"ಮರುಳಪ್ಪನೋರಿಗೆ ಕಾಫಿ ಕೊಟ್ರಾ?"

ಭಜನೆಯವರಲ್ಲಿ ಇಬ್ಬರು ಕಿಟಕಿಯಿಂದ ಹೋದರು. ಅನುಸೂಯಮ್ಮನವರು ಗೋಡೆ ಹಿಡಿದು ಕುಸಿದು ಕೂತರು. ಮರುಳಪ್ಪನವರ ಬಾಯಿ ತೆರೆದದ್ದು ಮುಚ್ಚಲಿಲ್ಲ. ಸತ್ತವರಿಗೆ ಕೊಟ್ಟ ಮಾತು ಬದುಕಿದವರಿಗೆ ನಡೆಯುತ್ತದೋ ಎಂದು ಕೇಳೋಣವೆಂದರೆ ಮಠದ ಅಯ್ಯನವರೂ ಇನ್ನೂ ಬಂದಿರಲಿಲ್ಲ. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ದಿಗಿಲು ಇಳಿಯುತ್ತಿದ್ದಂತೆ ಸಿಟ್ಟು ಏರಿತು.

"ಮೂವತ್ತು ಜನ ಅತ್ರೂ ಎಚ್ಚರ ಆಗ್ಲಿಲ್ಲ ಅಂದ್ರೆ, ಇದು ಶಿವಯೋಗ ಅಲ್ಲ. ನಾನು ಮೊದಲು ಅಂದ್ಕೊಂಡಿದ್ದೇ ಸರಿ."

ಆಗಲೇ ಅರುಣಾ ಬಾಗಿಲಲ್ಲಿ ಬಂದು ನಿಂತಿದ್ದಳು. ಬೀದಿಯಲ್ಲಿ ಅವಳಿಗೆ ಅಪ್ಪ ಸತ್ತ ಸುದ್ದಿಯನ್ನು ಇಬ್ಬರು, ಬದುಕಿದ ಸುದ್ದಿಯನ್ನು ಒಬ್ಬರು ಕೊಟ್ಟಿದ್ದರು. ಅಪ್ಪನನ್ನು ಕಣ್ಣಾರೆ ಕಂಡ ಮೇಲೆ ಹೋದ ಉಸಿರು ಬಂತು. ನೆಟ್ಟಗೆ ಮರುಳಪ್ಪನವರ ಮುಂದೆ ಹೋಗಿ, "ಅಪ್ಪ ಕುಡಿಯಲ್ಲ. ಅವರಿಗೆ ಕಾಯಿಲೆ ಇದೆ. ಮುಚ್ಚಿಟ್ಟಿದ್ದು ತಪ್ಪು. ಡಾಕ್ಟರ ಬಾಯಲ್ಲೇ ಕೇಳಿ" ಎಂದು ಸಿದ್ಧಾರ್ಥರಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಎಲ್ಲರಿಗೂ ಕಾಣುವಂತೆ ಹಿಡಿದಳು.

ಡಾಕ್ಟರು ಕಾಯಿಲೆಯನ್ನು ನಾಲ್ಕೇ ಮಾತಿನಲ್ಲಿ ಹೇಳಿದರು. ಮರುಳಪ್ಪನವರು ಪೇಟವನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. ಡಾಕ್ಟರು ಮುಂದುವರಿಸಿದರು: "ಒಳ್ಳೇದಾಯ್ತು ಫೋನ್ ಮಾಡಿದ್ದು. ವಿವರ ನೋಡಿದೆ. ಗಂಗಾಧರಯ್ಯನೋರೇ, ನೀವು ದಿನಾ ಹತ್ತೂಕಾಲಿಗೆ ಮಾಸ್ಕ್ ಕಿತ್ತು ಹಾಕ್ತೀರಿ. ಎರಡು ನಿಮಿಷಕ್ಕೆ ಮತ್ತೆ ಹಾಕ್ಕೊಂಡು ಬೆಳಿಗ್ಗೆ ತನಕ ತೆಗೆಯಲ್ಲ. ಆದ್ರೆ ಹತ್ತೂಕಾಲಿನ ಮುಂಚಿನ ಉಸಿರೇ ಬೇರೆ, ಆಮೇಲಿನ ಉಸಿರೇ ಬೇರೆ. ಒಬ್ಬ ಮನುಷ್ಯನ ಉಸಿರೇ ಅಲ್ಲ ಇದು. ಹತ್ತೂಕಾಲಿಗೆ ಮಾಸ್ಕ್ ಹಾಕ್ಕೊಳ್ಳೋರು ಯಾರು?"

ಅಡುಗೆಮನೆ ಬಾಗಿಲಲ್ಲಿ ಹೋಳಿಗೆ ತಟ್ಟೆ ಹಿಡಿದು ನಿಂತಿದ್ದ ಗುರುಸಿದ್ದಮ್ಮನವರು ಸಹಜವಾಗಿ ಹೇಳಿದರು:

"ನಾನೇ."

"ನೀವಾ ಅಮ್ಮ?"

"ಮತ್ತೆ? ಇವರು ಕಿತ್ತು ಎಸೀತಾರೆ. ಎಂಟು ಗಂಟೆ ಆಗ್ದಿದ್ರೆ ನೀವು ಬೈತೀರಿ. ಸೋಮವಾರ ಹಗಲೆಲ್ಲ ಉಪವಾಸ ಇದ್ದು ಒಪ್ಪತ್ತು ಮಾಡ್ತೀನಿ ಅಂತ ಮದುವೆಯಾದ ವರ್ಷ ಇವರು ಹರಕೆ ಹೊತ್ರು. ಎರಡು ವಾರಕ್ಕೆ ಕೈಲಾಗ್ಲಿಲ್ಲ. ಅಲ್ಲಿಂದ ನಾನೇ ಮಾಡ್ತಿಲ್ವಾ? ಹೆಂಡ್ತಿ ಮಾಡಿದ ವ್ರತದಲ್ಲಿ ಗಂಡಂಗೆ ಅರ್ಧ ಸಲ್ಲುತ್ತೆ. ಹಂಗೇ ಇದನ್ನೂ ಪೂರೈಸಿದೆ. ಒಂದು ರಾತ್ರೀನೂ ತಪ್ಪಿಸಿಲ್ಲ."

ಫೋನಿನಲ್ಲಿ ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಅಮ್ಮ, ಪುಣ್ಯ ಅರ್ಧ ಅವರಿಗೆ ಹೋಗಬಹುದು. ಆಕ್ಸಿಜನ್ ಹೋಗಲ್ಲ" ಎಂದರು. ಆಮೇಲೆ ದನಿ ಬದಲಾಯಿತು. "ಇನ್ನೊಂದು ವಿಷಯ. ಮಿಷನ್ ಅವರಿಗಿಂತ ನಿಮಗೋಸ್ಕರ ಹೆಚ್ಚು ಕಷ್ಟಪಟ್ಟಿದೆ. ನಿಮ್ಮ ಗಂಟಲು ಪದೇ ಪದೇ ಮುಚ್ಚೋಕೆ ಹೋಗಿದೆ, ಅದು ತಡೆದಿದೆ. ಪರೀಕ್ಷೆ ಮಾಡಬೇಕು, ಆದ್ರೆ ನಂಗೆ ಅನುಮಾನ ಇಲ್ಲ. ಈ ಕಾಯಿಲೆ ನಿಮಗೂ ಇದೆ, ಎಷ್ಟೋ ವರ್ಷದಿಂದ."

ಗುರುಸಿದ್ದಮ್ಮನವರು ತಟ್ಟೆ ಕೆಳಗಿಟ್ಟರು. "ಅದಕ್ಕೇನೋ ಎರಡು ತಿಂಗಳಿಂದ ತಲೆನೋವೇ ಇಲ್ಲ" ಎಂದರು ಮೆಲ್ಲಗೆ.

ಗಂಗಾಧರಯ್ಯನವರ ನಿದ್ದೆ ಅವತ್ತು ಮೊದಲ ಬಾರಿಗೆ ಪೂರ್ತಿ ಹಾರಿಹೋಯಿತು. ಮೂವತ್ತನಾಲ್ಕು ವರ್ಷ ಪಕ್ಕದಲ್ಲೇ ಈಕೆಯ ಉಸಿರು ನಿಂತು ನಿಂತು ಹೊರಟಿದೆ, ತಮ್ಮ ಗೊರಕೆಯ ಆರ್ಭಟದಲ್ಲಿ ಅದು ಯಾರ ಕಿವಿಗೂ ಬಿದ್ದಿಲ್ಲ.

"ಡಾಕ್ಟ್ರೇ, ಮಿಷನ್ ಅವಳಿಗೇ ಇರ್ಲಿ. ನಾನು ಹೆಂಗೋ ಕೂತ್ಕೊಂಡು ಮಲಗ್ತೀನಿ."

"ಕೂತ್ಕೊಂಡು ಮಲಗಿದ್ದು ಸಾಕು ಅಪ್ಪ" ಎಂದಳು ಅರುಣಾ. "ಇಬ್ಬರಿಗೂ ಒಂದೊಂದು ತರೋಣ."

ಮರುಳಪ್ಪನವರ ಮನಸ್ಸು ಕರಗಿ ನೀರಾಗಿತ್ತು. ಪೇಟ ಇಟ್ಟುಕೊಂಡರು. "ಗಂಡನ ಬದಲು ಉಸಿರಾಡೋ ಹೆಂಗಸು. ಇಂಥ ತಾಯಿಯ ಮಗಳು ನಮ್ಮನೆಗೆ ಬರೋದು ಪುಣ್ಯ. ನನ್ನ ಮಾತು ಮಾತೇ. ಅರುಣಾ, ನೀನೂ ನಮ್ಮ ಇಂದ್ರೇಶಂಗೆ ಹಿಂಗೇ ಇರ್ಬೇಕು ಕಣವ್ವ" ಎಂದರು.

ಸಂಬಂಧ ಕುದುರಿತು. ಎಲ್ಲರ ಮುಖವೂ ಅರಳಿತು. ಇಲ್ಲಿ ತಲೆಯಾಡಿಸಿ ಸುಮ್ಮನಿದ್ದರೆ ಆಗುತ್ತಿತ್ತು. ಅರುಣಾ ಸುಮ್ಮನಿರಲಿಲ್ಲ.

"ಇಲ್ಲ ಮಾವ. ಕಾಯಿಲೆ ಬಂದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ, ಪಕ್ಕದಲ್ಲಿ ಕೂತ್ಕೊಳ್ತೀನಿ. ಆದ್ರೆ ಅವರ ಉಸಿರು ಅವರೇ ಆಡ್ಕೋಬೇಕು. ಅವರ ಸೋಮವಾರಾನೂ ಅವರೇ ಮಾಡ್ಕೋಬೇಕು. ನಾನು ಅಮ್ಮನ ಹಂಗೆ ಮಾಡಲ್ಲ."

ನೆರೆದವರಿಗೆ ಆ ದಿನದ ಎರಡನೆಯ ಸಾವು ಕಣ್ಣೆದುರು ನಡೆದಂತಾಯಿತು. ಗಂಗಾಧರಯ್ಯನವರು ಮತ್ತೆ ಕಣ್ಣು ಮುಚ್ಚಿದರು, ಈ ಬಾರಿ ಬೇಕೆಂದೇ. ಇಂದ್ರೇಶ "ನಾನು ಒಪ್ತೀನಿ" ಎಂದ. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರೂ ಮರುಳಪ್ಪನವರನ್ನೇ ನೋಡುತ್ತಿದ್ದರು. ಅವರ ಮುಖ ಕೆಂಪಾಗಿ, ತುಟಿ ಅದುರಿತು.

ಅವರಿಗಿಂತ ಮೊದಲು ಮಾತಾಡಿದವರು ಮಹದೇವಮ್ಮ. ಬಂದಾಗಿನಿಂದ ಆಕೆ ಒಂದು ಮಾತೂ ಆಡಿರಲಿಲ್ಲ. ಸೆರಗು ಸರಿಮಾಡಿಕೊಂಡು, ಹೋಳಿಗೆ ತಟ್ಟೆಯ ಮುಂದೆ ಬಂದು ಕೂತರು.

"ಈ ಹುಡುಗೀನೇ ನಮ್ಮನೆಗೆ ಬೇಕಾಗಿದ್ದಿದ್ದು" ಎಂದರು. "ಅರುಣಾ, ನಂಗೊಂದು ಎಲೆ ಹಾಕವ್ವ."

"ಲೇ, ಇವತ್ತು ಸೋಮವಾರ ಅಲ್ವೇನೇ" ಎಂದರು ಮರುಳಪ್ಪ, ಕಂಗಾಲಾಗಿ.

"ಹೌದು. ಇಪ್ಪತ್ತೇಳು ವರ್ಷ ನಿಮ್ಮ ಸೋಮವಾರಾನೂ ನಾನೇ ಮಾಡ್ದೆ" ಎಂದರು ಮಹದೇವಮ್ಮ, ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದುತ್ತಾ. "ಇವತ್ತಿಂದ ನೀವು ಮಾಡಿ. ಅರ್ಧ ನಂಗೆ ಬತ್ತದಲ್ಲ."